ನಾಳೆಯ ಕಾಳು, ನೆರೆಯವನ ಹಸಿವು



ಸಂತೇಬೆನ್ನೂರಿನ ಪುಷ್ಕರಣಿಯ ಮೆಟ್ಟಿಲುಗಳ ಮೇಲೆ ನಿಮ್ಮಲ್ಲಿ ಹಲವರು ಕುಳಿತಿರಬಹುದು. ಅಲ್ಲಿಂದ ತುಸು ದೂರದಲ್ಲೇ ಸೂಳೆಕೆರೆಯ ವಿಶಾಲ ಜಲರಾಶಿಯಿದೆ. ಮಳೆಯನ್ನು ನೆಚ್ಚಿ ಬದುಕುವ ಈ ಸೀಮೆಯಲ್ಲಿ ಹಿರಿಯರು ನೀರನ್ನು ಕೆರೆಯಲ್ಲಿಯೂ ಕಾಳನ್ನು ಹಗೇವಿನಲ್ಲಿಯೂ ಕೂಡಿಟ್ಟರು. ಕೂಡಿಡುವುದು ಅವರಿಗೆ ದುರಾಸೆಯಾಗಿರಲಿಲ್ಲ; ಬರಗಾಲ ಕಲಿಸಿದ ವಿವೇಕವಾಗಿತ್ತು.

ಇಂದು ಹಗೇವು ತೆಗೆಯಲು ಅಂಗಳವೇ ಇಲ್ಲ. ಎರಡು ಕೋಣೆಯ ಮನೆಯಲ್ಲಿ ಐವರು ವಾಸಿಸುತ್ತಾರೆ. ಅಂಥ ಮನೆಯೊಂದಕ್ಕೆ ಭೇಟಿಯಿತ್ತಾಗ ಆ ತಾಯಿ ಮಂಚದ ಕೆಳಗಿದ್ದ ಎರಡು ತಗಡಿನ ಡಬ್ಬಗಳನ್ನು ತೋರಿಸಿ ಕೇಳಿದರು: “ಫಾದರ್, ನಾಳೆಯ ಚಿಂತೆ ಮಾಡಬೇಡಿ ಅಂತ ಗುಡಿಯಲ್ಲಿ ಓದ್ತೀರಿ. ನಾನು ಕಷ್ಟಕಾಲಕ್ಕೆ ಅಂತ ಅಕ್ಕಿ ಎತ್ತಿಟ್ಟಿದ್ದೀನಿ. ದೇವರ ಮೇಲೆ ನಂಬಿಕೆ ಇಲ್ಲ ಅಂತಾಯ್ತಾ?” ಆಗ ನಗುತ್ತಾ ಏನೋ ಹೇಳಿ ಬಂದೆ. ಆದರೆ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಪವಿತ್ರ ಗ್ರಂಥವು ಈ ವಿಷಯದಲ್ಲಿ ಎರಡು ಚಿತ್ರಗಳನ್ನು ನಮ್ಮ ಮುಂದಿಡುತ್ತದೆ. ಆದಿಕಾಂಡದ ಜೋಸೆಫನು ಸಮೃದ್ಧಿಯ ಏಳು ವರ್ಷಗಳಲ್ಲಿ ಬೆಳೆಯ ಐದನೆಯ ಒಂದು ಪಾಲನ್ನು ಕೂಡಿಟ್ಟು, ಬರದ ಏಳು ವರ್ಷಗಳಲ್ಲಿ ಜನರ ಪ್ರಾಣವನ್ನು ಉಳಿಸಿದನು. ಅವನು ಜ್ಞಾನಿಯೆನಿಸಿದನು. ಸಂತ ಲೂಕನ ಶುಭಸಂದೇಶದ ಧನಿಕನೂ ಬೆಳೆಯನ್ನು ಕೂಡಿಡಲು ಹೊರಟವನೇ. ಆದರೆ ಅವನು ಮೂರ್ಖನೆನಿಸಿದನು. ವ್ಯತ್ಯಾಸವೇನು? ಆ ಸಾಮತಿಯನ್ನು ಮತ್ತೊಮ್ಮೆ ಓದಿರಿ. ಧನಿಕನು ಮಾತನಾಡುವುದು ತನ್ನೊಡನೆ ಮಾತ್ರ. ನನ್ನ ಬೆಳೆ, ನನ್ನ ಕಣಜ, ನನ್ನ ಸರಕು! ಅವನ ಯೋಜನೆಯಲ್ಲಿ ಇನ್ನೊಬ್ಬ ಮನುಷ್ಯನಿಗೆ ಜಾಗವೇ ಇಲ್ಲ. ಅವನ ದೋಷ ಕಣಜ ದೊಡ್ಡದಾದದ್ದಲ್ಲ. ಅದಕ್ಕೆ ಬಾಗಿಲು ಇಲ್ಲದ್ದು.

ಹಾಗೆಂದು ಜೋಸೆಫನ ಕಥೆಯನ್ನು ಅರ್ಧಕ್ಕೇ ನಿಲ್ಲಿಸಬಾರದು. 47ನೆಯ ಅಧ್ಯಾಯದಲ್ಲಿ ಹಸಿದ ಜನರು ಕಾಳಿಗಾಗಿ ಮೊದಲು ಹಣವನ್ನು, ಬಳಿಕ ದನಕರುಗಳನ್ನು, ಕೊನೆಗೆ ಹೊಲಗಳನ್ನೂ ತಮ್ಮನ್ನೂ ಫರೋಹನಿಗೆ ಒಪ್ಪಿಸುತ್ತಾರೆ. ಜೀವ ಉಳಿಯಿತು, ಸ್ವಾತಂತ್ರ್ಯ ಹೋಯಿತು. ಬರಗಾಲದಲ್ಲಿ ಕಾಳು ಯಾರ ಕೈಯಲ್ಲಿದೆಯೋ ಮನುಷ್ಯನೂ ಅವನ ಕೈಯಲ್ಲಿರುತ್ತಾನೆ. ನಮ್ಮ ನಾಡೂ ಇದನ್ನು ಕಂಡಿದೆ. ‘ಧಾತು ಈಶ್ವರ’ ಬರವೆಂದು ಹಿರಿಯರು ನೆನೆಯುತ್ತಿದ್ದ 1876-78ರ ಕ್ಷಾಮದ ಹೊಡೆತಕ್ಕೆ, 1871ರಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು.

ಇಲ್ಲಿ ನನ್ನದೇ ತಪ್ಪೊಂದನ್ನು ನಿವೇದಿಸಬೇಕು. 2020ರ ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಘೋಷಣೆಯಾದಾಗ ನಾನೂ ಗಾಬರಿಗೊಂಡೆ. ಗುರುಮನೆಯಲ್ಲಿ ಇರುವವರು ಇಬ್ಬರೇ ಆದರೂ ಮೂರು ಮೂಟೆ ಅಕ್ಕಿ, ಅದಕ್ಕೆ ತಕ್ಕ ಬೇಳೆ ತರಿಸಿಟ್ಟೆ. ಅದೇ ಬೀದಿಯಲ್ಲಿ ದಿನಗೂಲಿಯ ಕುಟುಂಬಗಳಿದ್ದವು. ಅಂದಿನ ಕೂಲಿಯಿಂದ ಅಂದಿನ ಅಕ್ಕಿ ಕೊಳ್ಳುವವರು ಏನನ್ನು ಕೂಡಿಟ್ಟಾರು? ಕೂಡಿಡಬೇಕಾದರೆ ಮೊದಲು ಮಿಗಬೇಕಲ್ಲವೇ? ಕೆಲವರಿಗೆ ಕೊಟ್ಟೆ, ನಿಜ. ಆದರೆ ‘ಇನ್ನೆಷ್ಟು ದಿನವೋ’ ಎಂಬ ಭಯದಿಂದ ಒಂದು ಮೂಟೆಯ ಬಾಯನ್ನು ಬಿಚ್ಚಲೇ ಇಲ್ಲ. ಮಳೆಗಾಲ ಕಳೆದು ಬಿಚ್ಚಿದಾಗ ಅಕ್ಕಿಯ ತುಂಬ ಹುಳು. ಮರಳುಗಾಡಿನಲ್ಲಿ ಇಸ್ರಯೇಲರು ಬೆಳಗಿನವರೆಗೆ ಉಳಿಸಿಕೊಂಡ ಮನ್ನದಲ್ಲಿ ಹುಳುಬಿದ್ದ ಕಥೆಯನ್ನು ಎಷ್ಟೋ ಸಲ ಬೋಧಿಸಿದವನು ನಾನು. ಅಂದು ಆ ಹುಳುಗಳೇ ನನಗೆ ಬೋಧಿಸಿದವು.

ಆದರೆ ಅದೇ ಅಧ್ಯಾಯದಲ್ಲಿ ಇನ್ನೊಂದು ಮಾತೂ ಇದೆ. ಆರನೆಯ ದಿನ ಸಬ್ಬತ್ತಿಗಾಗಿ ಕೂಡಿಸಿದ ಎರಡರಷ್ಟು ಮನ್ನ ಕೆಡಲಿಲ್ಲ. ದೇವರು ಕೂಡಿಡುವುದನ್ನೇ ನಿಷೇಧಿಸಲಿಲ್ಲ. ಅದಕ್ಕೊಂದು ಅಳತೆಯನ್ನೂ ಉದ್ದೇಶವನ್ನೂ ಇಟ್ಟರು.

ಆ ಅಳತೆ ಯಾವುದು? ಒಬ್ಬರಿಗೆ ದಿನಕ್ಕೆ ಸುಮಾರು 400 ಗ್ರಾಂ ಧಾನ್ಯವೆಂದರೂ ನಾಲ್ವರ ಮನೆಗೆ 15 ದಿನಕ್ಕೆ 24 ಕಿಲೋ ಸಾಕು. ಅಷ್ಟಕ್ಕೆ ಮಂಚದ ಕೆಳಗಿನ ಜಾಗವೇ ಹೆಚ್ಚು. ಡಬ್ಬವನ್ನು ನೆಲದ ತೇವ ತಾಗದಂತೆ ಹಲಗೆಯ ಮೇಲಿಡಬೇಕು. ಚೆನ್ನಾಗಿ ಒಣಗಿಸಿದ ಕಾಳಿನೊಡನೆ ಒಣಗಿದ ಬೇವಿನ ಸೊಪ್ಪು ಹಾಕಬೇಕು. ಹಳೆಯದನ್ನು ಮೊದಲು ಬಳಸಿ, ಹೊಸದನ್ನು ಅದರ ಹಿಂದೆ ಇಡಬೇಕು. ಹುಳು ಸುಲಭವಾಗಿ ಮುಟ್ಟದ ರಾಗಿಯಂತೂ ವರ್ಷಗಟ್ಟಲೆ ಉಳಿಯುತ್ತದೆ. ಇದೆಲ್ಲ ನಮ್ಮ ಅಜ್ಜಿಯರಿಗೆ ತಿಳಿದಿದ್ದ ವಿದ್ಯೆ. ಇನ್ನೂ ಒಂದು ಮಾತು: ಅಂಗಡಿ ತುಂಬಿರುವಾಗ ತಿಂಗಳಿಗೆ ಒಂದೆರಡು ಕಿಲೋ ಎತ್ತಿಡುವುದು ವಿವೇಕ, ಅಂಗಡಿ ಬರಿದಾಗುತ್ತಿರುವಾಗ ಮೂಟೆಗಟ್ಟಲೆ ಹೊತ್ತು ತರುವುದು ಇನ್ನೊಬ್ಬರ ತಟ್ಟೆಗೆ ಕೈ ಹಾಕಿದಂತೆ. ಜೋಸೆಫನು ಕೂಡಿಟ್ಟದ್ದು ಸಮೃದ್ಧಿಯಲ್ಲಿ. ನಾನು ಕೂಡಿಟ್ಟದ್ದು ಕೊರತೆಯಲ್ಲಿ.

ಹಾಗಾದರೆ ಹಸಿದವನು ಬಾಗಿಲಿಗೆ ಬಂದಾಗ, ತನ್ನ ಮಕ್ಕಳಿಗೇ ಸಾಲದ ತಾಯಿ ಏನು ಮಾಡಬೇಕು? ಸಂತ ಥಾಮಸ್ ಅಕ್ವಿನಾಸರು ಇಲ್ಲಿ ಕರುಣೆಯಿಂದಲೇ ತೀರ್ಪು ಕೊಡುತ್ತಾರೆ: ತಾನೂ ತನ್ನ ಮಕ್ಕಳೂ ಬದುಕಲು ಅತ್ಯಗತ್ಯವಾದುದನ್ನು ದಾನ ಮಾಡಬೇಕೆಂಬ ಕಟ್ಟಳೆಯಿಲ್ಲ, ಅದಕ್ಕೆ ಮೀರಿದ್ದರಲ್ಲಿ ಮಾತ್ರ ಬಡವರಿಗೆ ಹಕ್ಕಿದೆ. 1965ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯೂ ಭೂಮಿಯ ಸಂಪತ್ತು ಸರ್ವರಿಗಾಗಿ ಸೃಷ್ಟಿಯಾದದ್ದೆಂದು ಸಾರಿತು. ಕೊನೆಯ ಹಿಡಿ ಹಿಟ್ಟನ್ನೂ ಎಲೀಯನಿಗೆ ರೊಟ್ಟಿಮಾಡಿ ಕೊಟ್ಟ ಸರೆಪ್ತದ ವಿಧವೆಯ ಧೈರ್ಯವು ವರದಾನ. ಅದನ್ನು ನಾನು ಯಾವ ತಾಯಿಯಿಂದಲೂ ಕಡ್ಡಾಯವಾಗಿ ಕೇಳಲಾರೆ. ಆದರೆ ನನ್ನ ಮೂರನೆಯ ಮೂಟೆ ಅತ್ಯಗತ್ಯವಾಗಿರಲಿಲ್ಲ. ನಮ್ಮಲ್ಲಿ ಹೆಚ್ಚಿನವರಿಗೆ ಎದುರಾಗುವುದು ವಿಧವೆಯ ಕೊನೆಯ ಹಿಡಿಯ ಪರೀಕ್ಷೆಯಲ್ಲ, ಈ ಮೂರನೆಯ ಮೂಟೆಯ ಪರೀಕ್ಷೆ. ಭಯವು ಎರಡನ್ನೂ ಒಂದೇ ಎಂಬಂತೆ ತೋರಿಸುತ್ತದೆ. ಆದ್ದರಿಂದ ‘ಇಷ್ಟು ನಮಗೆ, ಇದಕ್ಕೆ ಮೀರಿದ್ದು ನೆರೆಯವರಿಗೆ’ ಎಂದು ಮನೆಮಂದಿ ಕುಳಿತು ನಿರ್ಧರಿಸಬೇಕಾದದ್ದು ಭಯವಿಲ್ಲದ ದಿನಗಳಲ್ಲಿಯೇ.

ಮಿಜೋರಾಮಿನ ಕ್ರೈಸ್ತ ಮಹಿಳೆಯರು ಶತಮಾನಕ್ಕೂ ಮೇಲ್ಪಟ್ಟು ಪ್ರತಿ ಅಡುಗೆಯ ವೇಳೆ ಒಂದು ಹಿಡಿ ಅಕ್ಕಿಯನ್ನು ಸಭೆಗಾಗಿ ತೆಗೆದಿಡುತ್ತಾ ಬಂದಿದ್ದಾರೆ. ನಮ್ಮ ಧರ್ಮಕೇಂದ್ರಗಳಲ್ಲಿಯೂ ಮನೆಗೊಂದು ಹಿಡಿಯಕ್ಕಿಯ ಡಬ್ಬವಿದ್ದರೆ, ಕೂಡಿಡಲು ಮಿಗದವರಿಗೂ ಒಂದು ಕಣಜವಿದ್ದಂತಾಗುತ್ತದೆ.

ಹಗೇವಿನ ಕುರಿತು ಹಿರಿಯರು ಹೇಳುತ್ತಿದ್ದ ಎಚ್ಚರಿಕೆಯೊಂದಿದೆ. ಬಹುಕಾಲ ಮುಚ್ಚಿದ್ದ ಹಗೇವಿಗೆ ಕೂಡಲೇ ಇಳಿಯಬಾರದು. ಒಳಗಿನ ಗಾಳಿ ಕೆಟ್ಟು ಉಸಿರುಕಟ್ಟುತ್ತದೆ. ಮೊದಲು ಬಾಯಿ ತೆರೆದು ಗಾಳಿಯಾಡಿಸಿ, ದೀಪ ಇಳಿಸಿ ಆರುವುದೋ ಉರಿಯುವುದೋ ನೋಡಬೇಕು. ಬಾಯಿ ತೆರೆಯದ ಕಣಜ, ಕಾಳು ತುಂಬಿದ್ದರೂ ಒಡೆಯನನ್ನೇ ಕೊಲ್ಲಬಲ್ಲದು.

ಆ ತಾಯಿಗೆ ಇಂದು ಹೀಗೆ ಉತ್ತರಿಸುತ್ತೇನೆ: ಅಮ್ಮಾ, ಎರಡು ಡಬ್ಬವೂ ಇರಲಿ, ಅದು ಅವಿಶ್ವಾಸವಲ್ಲ, ಮಕ್ಕಳ ಮೇಲಿನ ಪ್ರೀತಿ. ಆದರೆ ಪ್ರಭು ಕಲಿಸಿದ ಜಪದಲ್ಲಿ ‘ನನ್ನ’ ಆಹಾರವೆಂಬ ಮಾತಿಲ್ಲ, ‘ನಮ್ಮ’ ಎಂದಿದೆ. ಡಬ್ಬದ ಮುಚ್ಚಳ ತೆರೆಯುವಾಗಲೆಲ್ಲ ಆ ಒಂದು ಪದವನ್ನು ನೆನೆಯಿರಿ. ನಾನೂ ನೆನೆಯುತ್ತೇನೆ.