ಅಲ್ಪಬೆಲೆಯ ಪರಿಗ್ರಹ

ಹಳೆಯ ಸ್ವಿಸ್ ಕೈಗಡಿಯಾರಗಳನ್ನು ಸಂಗ್ರಹಿಸುವ ಹವ್ಯಾಸವುಳ್ಳವರುಂಟು. ಒಂದು ಕಾಲದಲ್ಲಿ ಹಿರಿಯರ ಕೈಯಲ್ಲಿದ್ದ ಫೇವರ್ ಲೂಬಾದಂಥವು ಇಂದು ಅಲ್ಪಬೆಲೆಗೂ ದೊರೆಯುತ್ತವೆ. ಹರಳುಗಳ ಮೇಲೆ ತಿರುಗುವ ಆ ಸೂಕ್ಷ್ಮ ಚಕ್ರಗಳ ಕೌಶಲವನ್ನು ಮೆಚ್ಚುವುದು ದೋಷವಲ್ಲ. ಆದರೆ ಪರಿಗ್ರಹಪರಿಮಾಣ ವ್ರತವನ್ನು ಸ್ವೀಕರಿಸಿದ ಶ್ರಾವಕನಿಗೆ ಬೆಲೆ ಅಲ್ಪವಾದರೆ ಪರಿಗ್ರಹವೂ ಅಲ್ಪವೇ?

ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಪರಿಗ್ರಹದ ಲಕ್ಷಣವನ್ನು ವಸ್ತುವಿನ ಮೌಲ್ಯದಿಂದಲ್ಲ, ಮೂರ್ಚ್ಛೆಯಿಂದ, ಎಂದರೆ ಮಮತ್ವದಿಂದ, ನಿರ್ಣಯಿಸಿದ್ದಾರೆ. ದುಬಾರಿಯಾದುದಕ್ಕೆ ಹಣದ ಕೊರತೆಯೇ ತಡೆ. ಅಗ್ಗವಾದುದಕ್ಕೆ ವ್ರತವಲ್ಲದೆ ಬೇರೆ ತಡೆಯಿಲ್ಲ. ಆದುದರಿಂದ ಮಿತಿಯನ್ನು ರೂಪಾಯಿಯಲ್ಲಷ್ಟೇ ಅಲ್ಲದೆ ಸಂಖ್ಯೆಯಲ್ಲಿಯೂ, ದೇವಗುರುಗಳ ಸಾಕ್ಷಿಯಾಗಿ, ಮೊದಲೇ ನಿಶ್ಚಯಿಸಬೇಕು; ಮೀರಿ ಬಂದುದನ್ನು ದಾನಮಾಡಬೇಕು.

ಸೂರ್ಯಾಸ್ತಕ್ಕೆ ಮುನ್ನ ಭೋಜನ ಮುಗಿಸಲು, ೪೮ ನಿಮಿಷಗಳ ಸಾಮಾಯಿಕಕ್ಕೆ ಕುಳಿತುಕೊಳ್ಳಲು ಒಂದು ಗಡಿಯಾರ ಸಾಕು. ಹನ್ನೆರಡಿದ್ದರೆ ಕೀಲಿ ಕೊಡುವುದು, ಒರೆಸುವುದು, ಹದಿಮೂರನೆಯದನ್ನು ಹುಡುಕುವುದು ಇವುಗಳಲ್ಲಿಯೇ ಸಾಮಾಯಿಕದ ಕಾಲ ಕಳೆದುಹೋಗುತ್ತದೆ. ತಂದೆಯಿಂದ ಬಂದ ಒಂದನ್ನು ದುರಸ್ತಿ ಮಾಡಿಸಿ ಬಾಳಿಸುವುದು ಮಿತವ್ಯಯ. ಆಸೆಗೆ ಅದನ್ನು ನೆಪಮಾಡಿಕೊಳ್ಳಬಾರದು.

ಮೈಸೂರಿನ ದೊಡ್ಡ ಗಡಿಯಾರವು ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ರಜತೋತ್ಸವದ ಸ್ಮರಣಾರ್ಥ ೧೯೨೭ರಲ್ಲಿ ನಿರ್ಮಿತವಾಯಿತು. ಅದನ್ನು ಮೆಚ್ಚಿದವರು ಅಸಂಖ್ಯಾತರು. ತನ್ನದೆಂದವರು ಯಾರೂ ಇಲ್ಲ. ಶ್ರಾವಕನ ಮೆಚ್ಚುಗೆಯೂ ಹಾಗಿರಲಿ.