ಬೀಗದ ಕೈ ಯಾರಿಗಾಗಿ?



ಬೀದರಿನ ಗಾಂಧಿ ಗಂಜಿನಲ್ಲಿ ಧಾನ್ಯದ ಗೋದಾಮಿನ ಬೀಗದ ಕೈ ತಂದೆಯಿಂದ ಮಗನಿಗೆ ಹೋಗುವುದನ್ನು ನೀವು ನೋಡಿರಬಹುದು. ಬೀಗದ ಕೈ ಕೊಡುವುದು ಸುಲಭ. ಹಸಿದವರ ಮೇಲಿನ ಕರುಣೆಯನ್ನು ಕೊಡುವುದು ಕಷ್ಟ. ಮಠಗಳ ಕಥೆಯೂ ಹಾಗೆಯೇ.

ಸ್ಕಾಟ್ಲೆಂಡಿನ ಮೆಲ್ರೋಸ್ ಮಠ 1136ರಲ್ಲಿ ಸ್ಥಾಪನೆಯಾಯಿತು. ಅದರ ಎರಡನೆಯ ಮಠಾಧಿಪತಿ ವಾಲ್ತಿಯೋಫ್, ರಾಜ ಡೇವಿಡನ ಮಲಮಗ. ಬರಗಾಲದಲ್ಲಿ ಹಸಿದು ಬಂದವರಿಗೆ ಅವರು ಮಠದ ಧಾನ್ಯವನ್ನು ಹಂಚಿದರೆಂದು ಅವರ ಚರಿತ್ರೆ ಹೇಳುತ್ತದೆ. ಮಠಾಧಿಪತಿಯನ್ನು ಕರೆಯುವ 'ಅಬ್ಬಾಸ್' ಎಂಬ ಪದದ ಅರ್ಥವೇ ತಂದೆ. ಆದರೆ 16ನೆಯ ಶತಮಾನದಲ್ಲಿ ಐದನೆಯ ಜೇಮ್ಸ್ ರಾಜನು ಅದೇ ಮಠದ ಆದಾಯವನ್ನು ತನ್ನ ಬಾಲಕ ಮಗನ ಪಾಲಿಗೆ ಮಾಡಿದನು. ಪೀಠ ಉಳಿಯಿತು, ತಂದೆ ಉಳಿಯಲಿಲ್ಲ.

ಈಗ ನಮ್ಮ ಭಾಲ್ಕಿಯ ಹಿರೇಮಠವನ್ನು ನೋಡಿ. ನಿಜಾಮರ ಆಳ್ವಿಕೆಯಲ್ಲಿ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ, ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. 1999ರಲ್ಲಿ ಅವರು ಲಿಂಗೈಕ್ಯರಾದರು. ಉತ್ತರಾಧಿಕಾರಿ ಬಸವಲಿಂಗ ಪಟ್ಟದ್ದೇವರು, ಹೆತ್ತವರು ತೊರೆದುಹೋದ ಹಸುಗೂಸುಗಳನ್ನು ಮಠಕ್ಕೆ ತಂದು ಸಾಕಿದರು. ಅಲ್ಲಿ ಬೀಗದ ಕೈಯ ಜೊತೆಗೆ ತಂದೆತನವೂ ದಾಟಿ ಬಂದಿತು.

ಯೇಸುಸ್ವಾಮಿ ಶಿಷ್ಯರ ಪಾದ ತೊಳೆದು ಕಲಿಸಿದ್ದೂ ಈ ಪಾಠವನ್ನೇ. ನಮ್ಮ ನೆರೆಯ ಮಠದಲ್ಲಿ ಅದನ್ನು ಕಂಡರೆ ದೇವರಿಗೆ ವಂದನೆ ಹೇಳೋಣ. ಮನೆಯ ಹಿರಿಯರಾದ ನೀವೂ, ಧರ್ಮಕೇಂದ್ರದ ಗುರುವಾದ ನಾನೂ ಈ ರಾತ್ರಿಯ ಪ್ರಾರ್ಥನೆಯಲ್ಲಿ ನಮ್ಮನ್ನೇ ಕೇಳಿಕೊಳ್ಳೋಣ: ನನ್ನ ಕೈಯಲ್ಲಿರುವ ಬೀಗದ ಕೈ ಯಾರಿಗಾಗಿ? ನನ್ನ ನಂತರ ಬರುವವರಿಗೆ ನಾನು ಏನನ್ನು ಒಪ್ಪಿಸಿ ಹೋಗುತ್ತಿದ್ದೇನೆ?