ಉಪಾಧಿ

ಅಪ್ಪನಿಗೆ ವೇದಾಂತದ ಗೀಳು. ಸಂಜೆ ಜಗಲಿಯಲ್ಲಿ ಕೂತು ಮಡಕೆ ತೋರಿಸಿ ಕೇಳುತ್ತಿದ್ದರು: "ಇದರೊಳಗಿನ ಆಕಾಶ ಬೇರೆ, ಹೊರಗಿನದು ಬೇರೆಯೇನೋ? ಮಡಕೆ ಬರೀ ಉಪಾಧಿ, ಮೇಲೆ ಹಾಕಿದ ಮಿತಿ. ಒಡೆದರೆ ಎರಡೂ ಒಂದೇ." ನಾನು ತಲೆಯಾಡಿಸುತ್ತಿದ್ದೆ. ಆ ಮಾತು ತಲೆಗೆ ಹತ್ತಿದ್ದು ಮಾತ್ರ ಕೆಮಿಸ್ಟ್ರಿ ಮೇಷ್ಟ್ರಾದ ಮೇಲೆ, ಒಂದು ತಪ್ಪು ಮಾಡಿ.

ಮೈಸೂರಿನ ಒಂದು ಪಿಯು ಕಾಲೇಜು. 24.3 ಮಿಲಿಗ್ರಾಂ ಮೆಗ್ನೀಷಿಯಂ ರಿಬ್ಬನ್ನು ಆಸಿಡ್ಡಿಗೆ ಹಾಕಿ, ಬರುವ ಹೈಡ್ರೋಜನ್ನನ್ನು ನೀರಿನ ಮೇಲೆ ಹಿಡಿದು ಅಳೆಯುವ ಪ್ರಯೋಗ. ಅಷ್ಟು ಮೆಗ್ನೀಷಿಯಂ ಅಂದರೆ ಮೋಲ್‌ನ ಸಾವಿರದಲ್ಲೊಂದು ಪಾಲು. ಹೊರಡುವ ಹೈಡ್ರೋಜನ್ನೂ ಅಷ್ಟೇ. ಒಬ್ಬ ಹುಡುಗ 22.4 ಮಿಲಿಲೀಟರ್ ಎಂದು ಬರೆದ, ಪುಸ್ತಕದ ಅಂಕಿ. ಒಬ್ಬಳು ಹುಡುಗಿ 28 ಎಂದು ಬರೆದಳು. ಅವನಿಗೆ ಪೂರ್ತಿ ಅಂಕ ಕೊಟ್ಟೆ, ಅವಳದಕ್ಕೆ ಕೆಂಪು ಗೀಟು ಹಾಕಿದೆ.

ಸಂಜೆ ಯಾಕೋ ಮನಸ್ಸು ತಡೆಯಲಿಲ್ಲ. ಫಿಸಿಕ್ಸ್ ಲ್ಯಾಬಿನ ಬ್ಯಾರೊಮೀಟರ್ ನೋಡಿದೆ: 694 ಮಿಲಿಮೀಟರ್. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಮೇಲಿದೆ. ಇಲ್ಲಿ ಸಮುದ್ರಮಟ್ಟದ 760 ಎಲ್ಲಿಂದ ಬರಬೇಕು? ನೀರಾವಿಯ ಒತ್ತಡ 27 ಕಳೆದರೆ ಉಳಿದದ್ದು 667. ಕೋಣೆಯ ಉಷ್ಣತೆ 300 ಕೆಲ್ವಿನ್. 28ನ್ನು 667/760ರಿಂದ, ಮತ್ತೆ 273/300ರಿಂದ ಗುಣಿಸಿದೆ. ಬಂದದ್ದು 22.4!

ಅವಳು ಕಂಡದ್ದನ್ನು ಬರೆದಿದ್ದಳು. ಹುಡುಗ ಕಾಣದ್ದನ್ನು ಬರೆದಿದ್ದ.

22.4 ಎನ್ನುವುದು ಸೊನ್ನೆ ಡಿಗ್ರಿ, ಒಂದು ಅಟ್ಮಾಸ್ಫಿಯರ್ ಒತ್ತಡದ ಮಾತು. 1982ರಲ್ಲಿ ಪ್ರಮಾಣಿತ ಒತ್ತಡವನ್ನು ಒಂದು ಬಾರ್ ಎಂದು ಬದಲಿಸಿದರು. ಈಗಿನ ಪಠ್ಯದಲ್ಲಿ ಅದೇ ಲೆಕ್ಕ 22.7. ಅನಿಲಕ್ಕೆ ಇದರ ಸುದ್ದಿಯೇ ಇಲ್ಲ. 1811ರಲ್ಲಿ ಅವೊಗಾಡ್ರೊ ಆಡಿದ್ದೂ ಷರತ್ತಿನ ಮಾತೇ: ಉಷ್ಣತೆ, ಒತ್ತಡ ಒಂದೇ ಆಗಿದ್ದರೆ, ಸಮ ಗಾತ್ರದ ಅನಿಲಗಳಲ್ಲಿ ಅಣುಗಳ ಎಣಿಕೆ ಸಮ. ಊರು ಬದಲಾದರೆ ಗಾತ್ರ ಹಿಗ್ಗುತ್ತದೆ, ಕುಗ್ಗುತ್ತದೆ. ಉಷ್ಣತೆ, ಒತ್ತಡ ಬರೀ ಉಪಾಧಿ, ಎಣಿಕೆ ಅಲ್ಲಾಡುವುದಿಲ್ಲ.

ಇಲ್ಲಿಯವರೆಗೆ ಅಪ್ಪನೂ ಒಪ್ಪುತ್ತಿದ್ದರು. ಮುಂದಿನದು ನನ್ನ ತಕರಾರು. ಉಪಾಧಿ ಕಳಚಿದರೆ ಸತ್ಯ ಎಂದರಲ್ಲ, ಕಳಚಿದವನು ಆ ಹುಡುಗನೇ. ಕೋಣೆಯ ಸೆಕೆ, ಊರಿನ ಎತ್ತರ, ಕೊಳವೆಯ ನೀರಾವಿ ಎಲ್ಲವನ್ನೂ ಬಿಟ್ಟು ಒಂದೇ ನೆಗೆತಕ್ಕೆ ನಿತ್ಯಸತ್ಯ ಮುಟ್ಟಿದ್ದ. ಅದಕ್ಕೇ ಅವನದು ಸುಳ್ಳಾಯಿತು. ದಾಟಬೇಕಾದ್ದನ್ನೂ ಮೊದಲು ಅಳೆಯಬೇಕು.

ಮರುದಿನ ಹುಡುಗಿಯ ರೆಕಾರ್ಡ್ ಪುಸ್ತಕ ತರಿಸಿಕೊಂಡೆ. ಕೆಂಪು ಗೀಟನ್ನು ಹೊಡೆದುಹಾಕಿ, 28ರ ಪಕ್ಕದಲ್ಲಿ "27 ಡಿಗ್ರಿ, 694 ಮಿಲಿಮೀಟರ್, ಮೈಸೂರು" ಎಂದು ಬರೆದು ಸಹಿ ಹಾಕಿದೆ.